ಟ್ರೈಲರ್ ಕಟ್ಟಿದಾಗ ಕಾರಿನ ಹಿಂಭಾಗ ಕುಸಿಯುತ್ತಾ? ರಬ್ಬರ್ ಬಫರ್ ನಂಬಿ ರಸ್ತೆಗಿಳಿಯಬೇಡಿ

ಟ್ರೈಲರ್ ಕಟ್ಟಿದ ಕೂಡಲೇ ಕಾರಿನ ಹಿಂಭಾಗ ನೆಲಕ್ಕೆ ಜಗ್ಗುತ್ತಿದ್ದರೆ, ಗ್ಯಾರೇಜಿನವರು "ಶಾಕ್ ಅಬ್ಸಾರ್ಬರ್ ಹೋಗಿದೆ" ಅಂದ ತಕ್ಷಣ ದುಡ್ಡು ತೆಗೆಯಬೇಡಿ. ನನಗೂ ಹಾಗೇ ಹೇಳಿ ಹಿಂದಿನ ಎರಡನ್ನೂ ಹೊಸದು ಹಾಕಿದರು. ಟ್ರೈಲರ್ ಕೂರಿಸಿದರೆ ಕಾರು ಮೊದಲಿನಷ್ಟೇ ಕೆಳಗಿಳಿಯಿತು. ಇಳಿಯದೆ ಇನ್ನೇನು? ಭಾರ ಹೊರುವುದು ಸ್ಪ್ರಿಂಗ್. ಮಾಮೂಲಿ ಶಾಕ್ ಅಬ್ಸಾರ್ಬರ್ ಆ ಸ್ಪ್ರಿಂಗಿನ ಕುಣಿತ ತಡೆಯುತ್ತದೆ, ಅಷ್ಟೇ.

ವಾಪಸ್ ಹೋಗಿ ಕೇಳಿದ್ದಕ್ಕೆ ಕಾಯಿಲ್ ಸ್ಪ್ರಿಂಗಿನ ಸುತ್ತುಗಳ ನಡುವೆ ದಪ್ಪ ರಬ್ಬರ್ ಬಫರ್ ತುರುಕಿದರು. "ಇನ್ನು ಎಷ್ಟು ಬೇಕಾದರೂ ಎಳೀರಿ ಸಾರ್" ಅಂತ ಭರವಸೆ ಬೇರೆ. ನೋಡೋಕೆ ಗಾಡಿ ಮಟ್ಟವಾಗಿಯೇ ನಿಂತಿತ್ತು.

ಆಮೇಲೆ ಒಂದು ಮಳೆಯ ದಿನ, ಇಳಿಜಾರಿನ ತಿರುವು. ಸ್ಟೀರಿಂಗ್ ತಿರುಗಿಸಿದರೆ ಕೈಗೆ ಹಿಡಿತವೇ ಸಿಗಲಿಲ್ಲ. ಚಕ್ರ ತಿರುಗಿದೆ, ಗಾಡಿ ಮಾತ್ರ ನೇರ ಹೋಗುತ್ತಿದೆ. ನಿಧಾನಕ್ಕೆ ಹೋಗುತ್ತಿದ್ದೆ, ಪಕ್ಕದಲ್ಲಿ ಜಲ್ಲಿಮಣ್ಣಿನ ಜಾಗವೂ ಇತ್ತು, ಹಾಗಾಗಿ ಬಚಾವ್. ಬಗ್ಗಿ ನೋಡಿದೆ. ಒಂದು ಕಡೆಯ ಬಫರ್ ಜಾರಿ ಎಲ್ಲೋ ಬಿದ್ದುಹೋಗಿತ್ತು. ಇನ್ನೊಂದು ಬಫರ್ ಮೇಲೆ ಸ್ಪ್ರಿಂಗ್ ಸುತ್ತಿನ ಗುರುತು ಬಿದ್ದು, ಅದು ಅರ್ಧಕ್ಕೆ ಸೀಳಿತ್ತು. ಎದುರಿನವರು ರಾತ್ರಿ ಯಾಕೆ ಲೈಟ್ ಮಿನುಗಿಸಿ ಬೈಯುತ್ತಿದ್ದರು ಅಂತಲೂ ಆಗ ಗೊತ್ತಾಯಿತು. ಕಾರಿನ ಮೂತಿ ಎದ್ದಿತ್ತು, ಹೆಡ್‌ಲೈಟ್ ನೇರ ಅವರ ಕಣ್ಣಿಗೆ.

ಲೆಕ್ಕ ಸುಲಭ. ಟೋ ಬಾಲ್, ಅಂದರೆ ಟ್ರೈಲರ್ ಸಿಕ್ಕಿಸುವ ಗುಂಡು, ಇರುವುದು ಕಾರಿನ ಹಿಂದಿನ ಚಕ್ರಗಳಿಗಿಂತ ಹಿಂದೆ. ಅಲ್ಲಿ ಒತ್ತಿದರೆ ಏತದ ಹಾಗೆ ಮುಂಭಾಗ ಮೇಲೇಳುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.75 ಮೀಟರ್, ಹಿಂದಿನ ಚಕ್ರದಿಂದ ಬಾಲ್‌ಗೆ 1.1 ಮೀಟರ್ ಅಂತಿಟ್ಟುಕೊಳ್ಳಿ. ಬಾಲ್ ಮೇಲೆ 100 ಕೆಜಿ ಬಿದ್ದರೆ ಹಿಂದಿನ ಚಕ್ರಗಳ ಮೇಲೆ 140 ಕೆಜಿ ಏರುತ್ತದೆ, ಮುಂದಿನ ಚಕ್ರಗಳಿಂದ 40 ಕೆಜಿ ಹೋಗುತ್ತದೆ, ಅವುಗಳ ಹಿಡಿತವೂ ಕಡಿಮೆಯಾಗುತ್ತದೆ. ಬಫರ್ ಹಾಕಿದರೂ, ಸ್ಪ್ರಿಂಗಿಗೆ ಆಸರೆಯಾಗಿ ಗಾಳಿ ತುಂಬುವ ಏರ್ ಬ್ಯಾಗ್ ಹಾಕಿದರೂ ಹಿಂಭಾಗ ಎತ್ತರವಾಗಬಹುದು, ಆ 40 ಕೆಜಿ ಮುಂದಕ್ಕೆ ವಾಪಸ್ ಬರುವುದಿಲ್ಲ. ಕಾರಿನ ಭಾರದ ಮಿತಿಯೂ ಹೆಚ್ಚುವುದಿಲ್ಲ.

ಹಾಗಾಗಿ ಮೊದಲು ಬಾಲ್ ಮೇಲಿನ ಭಾರ ತೂಗಿಸಿ. ಇದನ್ನು ಆ ಗ್ಯಾರೇಜಿನಲ್ಲಿ ಒಬ್ಬರೂ ಕೇಳಲಿಲ್ಲ. ನನ್ನ ಟ್ರೈಲರ್ ಒಟ್ಟು 900 ಕೆಜಿ, ಬಾಲ್ ಮೇಲೆ 190! ಕಾರಿನ ಮ್ಯಾನುಯಲ್‌ನಲ್ಲಿದ್ದ ಮಿತಿ 100. ಟ್ರೈಲರ್ ಮಾಡಿದವರು 250 ಕೆಜಿಯ ಜನರೇಟರನ್ನು ತೀರಾ ಮುಂದೆ ಬೋಲ್ಟ್ ಹಾಕಿ ಕೂರಿಸಿದ್ದರು. ಅದನ್ನು 1.3 ಮೀಟರ್ ಹಿಂದಕ್ಕೆ, ಟ್ರೈಲರಿನ ಆಕ್ಸಲ್ ಹತ್ತಿರಕ್ಕೆ ಸರಿಸಿದ ಮೇಲೆ ಬಾಲ್ ಭಾರ 95ಕ್ಕೆ ಇಳಿಯಿತು. ಒಂದು ಸ್ಪ್ರಿಂಗನ್ನೂ ಮುಟ್ಟಲಿಲ್ಲ.

ಹಾಗಂತ "ಸಾಮಾನೆಲ್ಲ ಹಿಂದಕ್ಕೆ ತಳ್ಳಿ" ಅನ್ನುವವರ ಮಾತೂ ಕೇಳಬೇಡಿ. ಆಕ್ಸಲ್ ದಾಟಿ ಹಿಂದೆ ಭಾರ ಹೋದರೆ ಬಾಲ್ ಹಗುರಾಗಿ, ಸ್ಪೀಡಲ್ಲಿ ಟ್ರೈಲರ್ ಅತ್ತಿತ್ತ ಬೀಸಾಡಲು ಶುರುಮಾಡುತ್ತದೆ. ಅದು ಕುಸಿತಕ್ಕಿಂತ ಅಪಾಯ. ಅಮೆರಿಕದಲ್ಲಿ ಒಟ್ಟು ಟ್ರೈಲರ್ ಭಾರದ ಶೇ. 10ರಿಂದ 15 ಬಾಲ್ ಮೇಲಿರಲಿ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಶೇ. 5ರಿಂದ 7. ಏನೇ ಇದ್ದರೂ ಕಾರಿನ ಮತ್ತು ಟ್ರೈಲರ್ ಕಟ್ಟುವ ಕೊಂಡಿಯಾದ ಹಿಚ್‌ನ ಮಿತಿ ಮೀರಬಾರದು. ಡಿಕ್ಕಿಯಲ್ಲಿ ತುಂಬಿದ ಸಾಮಾನೂ ಹಿಂದಿನ ಚಕ್ರದ ಮೇಲೇ ಕೂರುತ್ತದೆ, ಅಲ್ವಾ? ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಇಷ್ಟಾದ ಮೇಲೂ ಜಾಸ್ತಿ ಕುಸಿದರೆ ಹಳೆಯ ಸ್ಪ್ರಿಂಗ್ ಸೋತಿರಬಹುದು, ಬದಲಾಯಿಸಿ. ಭಾರ ಮುಂದಿನ ಚಕ್ರಕ್ಕೆ ಮರಳಬೇಕಾದರೆ ಅದಕ್ಕೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಅಂತಲೇ ಬೇರೆ ಇದೆ. ಕಾರಿನ ಕಂಪನಿ ಅದಕ್ಕೆ ಒಪ್ಪುತ್ತದಾ ಅಂತ ಮ್ಯಾನುಯಲ್ ನೋಡಿ, ಕೆಲವು ಕಾರುಗಳಿಗೆ ಬೇಡ ಅಂದಿರುತ್ತಾರೆ. ಕೆಲಸ ಸರಿಯಾಗಿದೆಯಾ ಅಂತ ತಿಳಿಯಲು ಟೇಪ್ ಸಾಕು. ಟ್ರೈಲರ್ ಕಟ್ಟುವ ಮುಂಚೆ, ಕಟ್ಟಿದ ಮೇಲೆ, ನೆಲದಿಂದ ಚಕ್ರದ ಕಮಾನಿನ ಎತ್ತರ ಅಳೆಯಿರಿ. ಎಲ್ಲರೂ ಹಿಂದಿನದನ್ನಷ್ಟೇ ಅಳೆಯುತ್ತಾರೆ. ನೀವು ಮುಂದಿನದನ್ನೂ ಅಳೆಯಿರಿ.