ಕ್ಲೋಸ್ ರೇಶಿಯೋ ಗೇರ್ ಸೆಟ್: ಎರಡು ಮಳೆಗಾಲ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಕ್ಲೋಸ್ ರೇಶಿಯೋ ಅಂದರೆ ಅನುಪಾತಗಳು ಒಂದಕ್ಕೊಂದು ಹತ್ತಿರ ಇರುವ ಗೇರ್‌ಗಳು, ಗೇರ್ ಬದಲಿಸಿದಾಗ ಎಂಜಿನ್ ಸುತ್ತು ಹೆಚ್ಚು ಬೀಳುವುದಿಲ್ಲ. ದಿನಾ ರಸ್ತೆಯಲ್ಲಿ ಓಡುವ ಗಾಡಿಗೆ ಐದೂ ಗೇರ್ ಬದಲಿಸಬೇಕಾಗಿಲ್ಲ. ಮೂರನೆಯದು, ನಾಲ್ಕನೆಯದು, ಜೊತೆಗೆ ಫೈನಲ್ ಡ್ರೈವ್ (ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ಕೊನೆಯ ಗೇರ್ ಜೋಡಿ), ಇಷ್ಟು ಸಾಕು. ನಾನು ಮಾಡಿಸಿದ್ದು ಇಷ್ಟೇ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಡಿಮೆಯಾದ ಒಂದು ಅಂಕ ಯಾಕೆ ಅಂತ ಮುಂದೆ ಬರುತ್ತದೆ.

ನನ್ನದು ಹಳೆಯ 1.5 ಲೀಟರ್ ಪೆಟ್ರೋಲ್ ಸೆಡಾನ್. ಕ್ಯಾಮ್ (ಎಂಜಿನ್‌ನ ವಾಲ್ವ್ ತೆರೆಯುವ ಶಾಫ್ಟ್) ಬದಲಿಸಿ ಟ್ಯೂನ್ ಮಾಡಿಸಿದ್ದರಿಂದ 6800 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ತನಕ ಖುಷಿಯಲ್ಲಿ ತಿರುಗುತ್ತದೆ, ಆದರೆ 3000ಕ್ಕಿಂತ ಕೆಳಗೆ ಮೊದಲಿಗಿಂತಲೂ ಸಪ್ಪೆ. ಇಂಥ ಎಂಜಿನ್‌ಗೆ ಕಂಪನಿಯ ಗೇರ್‌ಬಾಕ್ಸ್ ಹೊಂದುವುದಿಲ್ಲ. ಕಂಪನಿಯವರು ಲೆಕ್ಕ ಹಾಕಿದ್ದು ಮೈಲೇಜ್‌ಗೆ ಮತ್ತು ಕಡಿಮೆ ಆರ್‌ಪಿಎಂನಲ್ಲಿ ಓಡಿಸುವವರಿಗೆ. ಅದು ತಪ್ಪೇನಲ್ಲ ಬಿಡಿ.

ಮೊದಲು ಇದ್ದ ಅನುಪಾತಗಳು ಒಂದರಿಂದ ಐದರ ತನಕ 3.25, 1.91, 1.25, 0.91, 0.75, ಫೈನಲ್ 4.06. ಸಂಖ್ಯೆ ದೊಡ್ಡದಾದಷ್ಟು ಎಳೆತ ಹೆಚ್ಚು, ವೇಗ ಕಡಿಮೆ. ಇದರಲ್ಲಿ ತೊಂದರೆ ಎಲ್ಲಿ ಉಂಟು ನೋಡಿ. ಎರಡರಿಂದ ಮೂರಕ್ಕೆ ದೊಡ್ಡ ಹೊಂಡ, ನಾಲ್ಕರಿಂದ ಐದಕ್ಕೆ ಮಾತ್ರ ಹತ್ತಿರ ಹತ್ತಿರ. ರೆಡ್‌ಲೈನ್‌ನಲ್ಲಿ (ಎಂಜಿನ್ ತಿರುಗಬಹುದಾದ ಮಿತಿಯಲ್ಲಿ) ಎರಡರಿಂದ ಮೂರಕ್ಕೆ ಹಾಕಿದರೆ 6800ರಿಂದ 4450ಕ್ಕೆ ಬೀಳುತ್ತದೆ. ಅದನ್ನಾದರೂ ಸಹಿಸಬಹುದು, ಆದರೆ ರಸ್ತೆಯಲ್ಲಿ ಯಾರು ಯಾವಾಗಲೂ ರೆಡ್‌ಲೈನ್‌ಗೆ ಹೋಗುತ್ತಾರೆ? ಚೆರ್ಕಳದಿಂದ ಮುಳ್ಳೇರಿಯಾ, ಆದೂರು ದಾಟಿ ಜಾಲ್ಸೂರಿಗೆ ಹೋಗುವ ದಾರಿಯಲ್ಲಿ ಗಾಡಿ ಇರುವುದೇ ಗಂಟೆಗೆ 40ರಿಂದ 70 ಕಿ.ಮೀ. ಒಳಗೆ. ಅಲ್ಲಿ 60ರಲ್ಲಿ ಮೂರಕ್ಕೆ ಹಾಕಿದರೆ 4140 ಇದ್ದದ್ದು 2700ಕ್ಕೆ ಇಳಿಯುತ್ತಿತ್ತು. ಎಂಜಿನ್ ಮಲಗಿಬಿಡುತ್ತಿತ್ತು. ಸಂಪಾಜೆ ಘಾಟಿಯಲ್ಲಂತೂ ಎರಡರಲ್ಲಿ ಕಿರುಚಾಟ, ಮೂರರಲ್ಲಿ ಉಸಿರಿಲ್ಲ, ಎದುರಿನ ಲಾರಿಯನ್ನು ದಾಟಲು ಎರಡು ಬೇಕೋ ಮೂರು ಬೇಕೋ ಅಂತ ಯೋಚಿಸುವಷ್ಟರಲ್ಲಿ ಜಾಗವೇ ಮುಗಿದಿರುತ್ತಿತ್ತು.

ಈಗ ಮೂರನೆಯದು 1.42, ನಾಲ್ಕನೆಯದು 1.10, ಫೈನಲ್ 4.4. ಒಂದು, ಎರಡು, ಐದು ಹಳೆಯವೇ. ಅದೇ 60ರಲ್ಲಿ ಮೂರಕ್ಕೆ ಹಾಕಿದರೆ ಈಗ ಸುಮಾರು 3340ರಲ್ಲಿ ನಿಲ್ಲುತ್ತದೆ. ಕ್ಯಾಮ್ ಏಳುವುದೇ ಅಲ್ಲಿ. ಫೈನಲ್ ಒಂದರಿಂದಲೇ ಎಲ್ಲಾ ಗೇರ್‌ನಲ್ಲಿ ಎಳೆತ ಶೇ. 8ರಷ್ಟು ಹೆಚ್ಚಾಯಿತು, ಮೂರರಲ್ಲಿ ಎರಡೂ ಸೇರಿ ಶೇ. 23. ಎಂಜಿನ್‌ನಿಂದ ಇಷ್ಟು ತೆಗೆಯಲು ಎಷ್ಟು ಖರ್ಚಾಗುತ್ತಿತ್ತೋ! ಘಾಟಿಯಲ್ಲಿ ಈಗ ಹೇರ್‌ಪಿನ್‌ಗೆ ಮಾತ್ರ ಎರಡು, ಉಳಿದದ್ದೆಲ್ಲ ಮೂರರಲ್ಲೇ ಆಗುತ್ತದೆ. ಸುಮ್ನೆ ಹತ್ತುತ್ತದೆ ಮಾರಾಯ್ರೆ.

ಗೇರ್ ಮಾಡಿಕೊಟ್ಟದ್ದು ಕೊಯಮತ್ತೂರಿನ ಒಂದು ವರ್ಕ್‌ಶಾಪ್. ಅವರು ಮೊದಲು ಹೇಳಿದ್ದು ಪೂರ್ತಿ ಸೆಟ್: 2.90, 2.05, 1.55, 1.21, 0.97. ನೋಡಲು ಚೆನ್ನಾಗಿಯೇ ಇದೆ, ಎಲ್ಲಾ ಗೇರ್ ಒತ್ತೊತ್ತಾಗಿ. ಅಲ್ಲಿನ ಕರಿ ರೇಸ್ ಟ್ರ್ಯಾಕ್‌ನಲ್ಲಿ (ಕರಿ ಮೋಟಾರ್ ಸ್ಪೀಡ್‌ವೇ) ಓಡಿಸುವವರಿಗೆ ಅದೇ ಸರಿ, ಅಲ್ಲಿ ನಿಂತಲ್ಲಿಂದ ಹೊರಡುವುದು ಒಂದೇ ಸಲ. ನಮಗೆ? ಒಂದನೆಯ ಗೇರ್ 2.90 ಆದರೆ ಹೊರಡುವ ಶಕ್ತಿ ಶೇ. 11ರಷ್ಟು ಕಡಿಮೆ. ಮನೆಮಂದಿಯನ್ನು ಕೂರಿಸಿಕೊಂಡು ಏರಿನಲ್ಲಿ ಬ್ಲಾಕ್ ಆದಾಗ ಪ್ರತಿ ಸಲ ಕ್ಲಚ್ ಉಜ್ಜಬೇಕು. ಆ ಕಡೆ ಹಳೆಯ ಫೈನಲ್ ಇಟ್ಟುಕೊಂಡರೂ ಐದನೆಯದರಲ್ಲಿ 100ಕ್ಕೆ 3500 ಆರ್‌ಪಿಎಂ. ತಲಪಾಡಿ ತನಕ ಆರು ಪಥದ ಹೆದ್ದಾರಿ ಇಟ್ಟುಕೊಂಡು ಮಂಗಳೂರಿಗೆ ಹೋಗಿ ಬರುವಷ್ಟರಲ್ಲಿ ತಲೆನೋವು ಗ್ಯಾರಂಟಿ. ನನ್ನದರಲ್ಲಿ 100ಕ್ಕೆ 2940, ಮೊದಲು 2710 ಇತ್ತು. ವ್ಯತ್ಯಾಸ ಗೊತ್ತಾಗುತ್ತದೆ, ಕಾಟ ಕೊಡುವುದಿಲ್ಲ. ಆದರೆ ನಾಲ್ಕು-ಐದರ ನಡುವೆ ಈಗ ಅಂತರ ಜಾಸ್ತಿ. ಐದು ಬರೀ ಆರಾಮದ ಗೇರ್, ಓವರ್‌ಟೇಕ್‌ಗೆ ನಾಲ್ಕಕ್ಕೆ ಇಳಿಸಲೇಬೇಕು. ನನಗೆ ಅದು ಸರಿ.

ಇನ್ನು ತಕರಾರು. ಹೇಳಿದ ಸಮಯಕ್ಕೆ ಕಳಿಸಲಿಲ್ಲ, ತಿಂಗಳುಗಟ್ಟಲೆ ಎಳೆದರು. ಬಂದಾಗ ಮೂರನೆಯ ಗೇರ್‌ನ ಸಿಂಕ್ರೋ ರಿಂಗ್ (ಗೇರ್ ಕಿರುಚದೆ ಬೀಳುವಂತೆ ವೇಗ ಹೊಂದಿಸುವ ಉಂಗುರ) ಹಳೆಯದು, ಹಲ್ಲು ಸವೆದದ್ದು! ಫೋನ್ ಮಾಡಿ ಮಾಡಿ ಸುಸ್ತಾಗಿ ಕೊನೆಗೆ ಹೊಸದನ್ನು ನಾನೇ ಇಲ್ಲಿ ತರಿಸಿ ಹಾಕಿಸಿದೆ. ಒಂದು ಅಂಕ ಹೋದದ್ದು ಇದಕ್ಕೆ. ಗೇರ್‌ಗಳ ಗುಣಮಟ್ಟಕ್ಕೆ ಮಾತ್ರ ಹೆಸರಿಡುವಂತಿಲ್ಲ. ಆಮೇಲೆ ಒಮ್ಮೆ ಎಣ್ಣೆ ಬದಲಿಸುವಾಗ ಡ್ರೈನ್ ಪ್ಲಗ್‌ನ ಮ್ಯಾಗ್ನೆಟ್ ನೋಡಿದೆವು, ನುಣ್ಣನೆಯ ಪುಡಿ ಬಿಟ್ಟರೆ ಚೂರು ಇರಲಿಲ್ಲ.

ಶಬ್ದ ಉಂಟು. ಹೆಲಿಕಲ್ (ಓರೆ ಹಲ್ಲಿನ) ಗೇರ್ ಕೇಳಿದ್ದರಿಂದ ಸಹಿಸಬಹುದು, ಮೂರರಲ್ಲಿ ಆಕ್ಸಿಲರೇಟರ್ ಬಿಟ್ಟಾಗ ದೂರದ ತೋಟದಲ್ಲಿ ಪಂಪ್‌ಸೆಟ್ ಓಡಿದ ಹಾಗೆ ಸಣ್ಣ ಕೂಗು. ಸ್ಟ್ರೈಟ್ ಕಟ್ (ನೇರ ಹಲ್ಲಿನದು) ಅಗ್ಗ ಅಂತ ಅವರು ತೋರಿಸಿದ್ದರು. ಅದನ್ನು ದಿನಬಳಕೆಯ ಗಾಡಿಗೆ ಹಾಕಬೇಡಿ, ಒಳಗೆ ಮಾತಾಡಿದ್ದು ಕೇಳಿಸುವುದಿಲ್ಲ.

ಕೂಲಿ ಬಗ್ಗೆಯೂ ತಿಳಿದಿರಲಿ. ಮುಂದಿನ ಚಕ್ರಕ್ಕೆ ಎಳೆತ ಇರುವ ಇಂಥ ಗಾಡಿಗಳಲ್ಲಿ ಪಿನಿಯನ್ (ಫೈನಲ್ ಜೋಡಿಯ ಸಣ್ಣ ಗೇರ್) ಗೇರ್‌ಬಾಕ್ಸ್ ಶಾಫ್ಟ್‌ನ ಭಾಗವೇ ಆಗಿರುತ್ತದೆ. ಹಾಗಾಗಿ ಫೈನಲ್ ಒಂದನ್ನೇ ಬದಲಿಸಿದರೂ ಬಾಕ್ಸ್ ಪೂರ್ತಿ ಬಿಚ್ಚಬೇಕು. ಬಿಚ್ಚಿದ ಮೇಲೆ ಬೇರಿಂಗ್, ಆಯಿಲ್ ಸೀಲ್, ಕ್ಲಚ್ ಪ್ಲೇಟ್ ಎಲ್ಲ ಒಟ್ಟಿಗೆ ಮಾಡಿಸಿ, ಇನ್ನೊಮ್ಮೆ ಅದೇ ಕೂಲಿ ಯಾಕೆ? ನನ್ನ ಗಾಡಿಯಲ್ಲಿ ಸ್ಪೀಡೋಮೀಟರ್‌ಗೆ ಲೆಕ್ಕ ಹೋಗುವುದು ಡಿಫರೆನ್ಷಿಯಲ್‌ನಿಂದ (ಫೈನಲ್ ದಾಟಿದ ಮೇಲೆ ಚಕ್ರದ ಜೊತೆ ತಿರುಗುವ ಭಾಗ), ಆದ್ದರಿಂದ ಅದು ತಪ್ಪಲಿಲ್ಲ. ನಿಮ್ಮದರಲ್ಲಿ ಹೇಗೆ ಅಂತ ಮೊದಲೇ ಕೇಳಿಕೊಳ್ಳಿ.

ಮೈಲೇಜ್ ಹೆದ್ದಾರಿಯಲ್ಲಿ ಒಂದು ಕಿ.ಮೀ. ಕಡಿಮೆ, ಪೇಟೆಯಲ್ಲಿ ವ್ಯತ್ಯಾಸ ಗೊತ್ತಾಗಿಲ್ಲ. ಮಳೆಗಾಲದಲ್ಲಿ ಒಂದನೆಯ ಗೇರ್ ಸ್ವಲ್ಪ ಚುರುಕು. ಒದ್ದೆ ರಸ್ತೆಯ ಮೇಲೆ ಮಣ್ಣು ಹರಿದಿದ್ದರೆ ಚಕ್ರ ಸುಮ್ನೆ ತಿರುಗುತ್ತದೆ, ಕಾಲು ಮೆಲ್ಲಗೆ ಇಡಬೇಕು.

ಆರ್ಡರ್ ಕೊಡುವ ಮೊದಲು ಲೆಕ್ಕ ನೀವೇ ಹಾಕಿ. ಟೈರ್ ಸುತ್ತಳತೆ ಮೀಟರ್‌ನಲ್ಲಿ ಅಳೆಯಿರಿ, ನನ್ನ 195/55 ಆರ್15ಕ್ಕೆ 1.87. ಅದನ್ನು 60ರಿಂದ ಗುಣಿಸಿ, ಗೇರ್ ಮತ್ತು ಫೈನಲ್‌ನ ಗುಣಲಬ್ಧದಿಂದ ಭಾಗಿಸಿದರೆ 1000 ಆರ್‌ಪಿಎಂಗೆ ಎಷ್ಟು ವೇಗ ಅಂತ ಸಿಗುತ್ತದೆ. ನೀವು ದಿನಾ ಓಡಿಸುವ ವೇಗದಲ್ಲಿ ಗೇರ್ ಬದಲಿಸಿದರೆ ಎಂಜಿನ್ ಎಲ್ಲಿಗೆ ಬೀಳುತ್ತದೆ ಅಂತ ನೋಡಿ, ಟಾಪ್ ಸ್ಪೀಡ್ ಎಷ್ಟು ಅಂತ ಅಲ್ಲ.

ಟರ್ಬೊ ಗಾಡಿ ಇದ್ದವರು ಇದಕ್ಕೆ ಕೈ ಹಾಕಬೇಡಿ. 2000ದ ಒಳಗೇ ಟಾರ್ಕ್ (ತಿರುಗಿಸುವ ಬಲ) ಸಿಗುವ ಎಂಜಿನ್‌ಗೆ ಈ ಹೊಂಡ ಲೆಕ್ಕಕ್ಕೇ ಬರುವುದಿಲ್ಲ. ಆ ಹಣಕ್ಕೆ ಒಳ್ಳೆಯ ಟೈರ್, ಬ್ರೇಕ್ ಪ್ಯಾಡ್ ಹಾಕಿಸಿ.