ಹೆಡ್ ಬಿಚ್ಚದೇ ಕೂಲಂಟ್ ಸೋರುವ ಜಾಗ ಹಿಡಿದ ಬದಿಯಡ್ಕದ ವರ್ಕ್‌ಶಾಪ್

ಮೊದಲೇ ಹೇಳ್ತೇನೆ, ವರ್ಕ್‌ಶಾಪಿನ ಹೆಸರು ಹಾಕ್ಲಿಕ್ಕಿಲ್ಲ. ಹಾಕ್ಲಾ ಅಂತ ಕೇಳಿದ್ದಕ್ಕೆ ಅಲ್ಲಿನ ಮೆಕ್ಯಾನಿಕ್ ಇಚ್ಚ "ಬೇಡ ಭಟ್ರೆ, ಈಗಲೇ ಗಾಡಿ ನಿಲ್ಲಿಸ್ಲಿಕ್ಕೆ ಜಾಗ ಇಲ್ಲ" ಅಂದುಬಿಟ್ರು. ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ಪೆರ್ಲ ರೋಡಿನಲ್ಲಿ ಸ್ವಲ್ಪ ಮುಂದೆ ಹೋದ್ರೆ ಎಡಗಡೆಗೆ ತಗಡಿನ ಮಾಡು, ಎದುರಿಗೆ ಹಲಸಿನ ಮರ, ಮರದ ಬುಡದಲ್ಲಿ ಹಳೇ ಜೀಪಿನ ಚಾಸಿಸ್ ಒಂದು ಮಳೆಗೆ ತುಕ್ಕು ಹಿಡೀತಾ ಬಿದ್ದಿರ್ತದೆ. ಬೋರ್ಡು ಇಲ್ಲ. ಇಚ್ಚನ ವರ್ಕ್‌ಶಾಪ್ ಅಂದ್ರೆ ಯಾರಾದ್ರೂ ತೋರಿಸ್ತಾರೆ.

ನಂದು 2018ರ ಪಿಕಪ್, ಬಿಎಸ್ ಫೋರ್ ಡೀಸೆಲ್, 1,30,000 ಕಿಲೋಮೀಟರ್ ಆಗಿದೆ. ಅಡಿಕೆ, ಬಾಳೆಗೊನೆ, ಹಿಂಡಿ, ಬೈಹುಲ್ಲು ಎಲ್ಲ ಅದರಲ್ಲೇ. ಮಳೆಗಾಲ ಮುಗಿಯುವ ಹೊತ್ತಿಗೆ ಕೂಲಂಟ್, ಅಂದ್ರೆ ಇಂಜಿನ್ ತಣಿಸುವ ನೀರು, ಅದರ ಡಬ್ಬಿಯಲ್ಲಿ ಇಳೀಲಿಕ್ಕೆ ಶುರುವಾಯ್ತು. ನಾಲ್ಕು ದಿನಕ್ಕೊಮ್ಮೆ ಅರ್ಧ ಲೀಟರ್. ಅಡಿಯಲ್ಲಿ ನೋಡಿದ್ರೆ ಒಂದು ಹನಿ ಇಲ್ಲ, ಹೋಸ್ ಎಲ್ಲ ಒಣ, ರೇಡಿಯೇಟರೂ ಒಣ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಮಾತ್ರ ಸೈಲೆನ್ಸರಿಂದ ಬಿಳಿ ಹೊಗೆ, ಅದಕ್ಕೊಂದು ಸಿಹಿ ಸಿಹಿ ವಾಸನೆ, ಹತ್ತು ನಿಮಿಷ ಆದ್ಮೇಲೆ ಕಮ್ಮಿ. ನಾನು ದಡ್ಡತನ ಮಾಡಿದ್ದು ಎಂತ ಅಂದ್ರೆ ಒಂದು ತಿಂಗಳು ಬಾವಿ ನೀರು ಹೊಯ್ದು ಹೊಯ್ದು ಓಡಿಸಿದೆ. ಕಡೆಗೆ ಒಂದು ದಿನ ಅಡಿಕೆ ಲೋಡು ಹಾಕಿಕೊಂಡು ಗುಡ್ಡೆ ಏರುವಾಗ ಟೆಂಪರೇಚರ್ ಮುಳ್ಳು ಸೀದಾ ಮೇಲೆ ಹೋಯ್ತು, ಬದಿಗೆ ನಿಲ್ಲಿಸಿ ಮುಕ್ಕಾಲು ಗಂಟೆ ಕೂತೆ. ಬಿಸಿ ಇರುವಾಗ ಮುಚ್ಚಳ ತೆಗೀಬಾರ್ದು ಅನ್ನುವಷ್ಟು ಬುದ್ಧಿ ಇತ್ತು, ಪುಣ್ಯ.

ಭಾವ ಹೇಳಿದ, ರೇಡಿಯೇಟರಿಗೆ ಎರಡು ಚಮಚ ಅರಸಿನ ಹುಡಿ ಹಾಕು, ಲಾರಿಯವರೆಲ್ಲ ಹಾಗೇ ಮಾಡೋದು ಅಂತ. ನಾನು ಹಾಕ್ಲಿಲ್ಲ, ಅಡುಗೆಕೋಣೆಯಿಂದ ತೆಗೆದ್ರೆ ಮನೆಯಲ್ಲಿ ಬೈತಾರೆ ಅಂತ, ಬೇರೆ ಕಾರಣ ಏನಿಲ್ಲ.

ಇನ್ನೊಂದು ಕಡೆ, ಎಲ್ಲಿ ಅಂತ ಹೇಳೋದಿಲ್ಲ, ಗಾಡಿ ತೋರಿಸಿದೆ. ಬಾನೆಟ್ ಎತ್ತಿದ್ರು, ಹೊಗೆ ನೋಡಿದ್ರು, ಎರಡು ನಿಮಿಷದಲ್ಲಿ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಿಚ್ಚಿ ಪ್ಲೇನಿಂಗಿಗೆ ಕಳಿಸ್ಬೇಕು, 45,000 ಇಟ್ಕೊಳ್ಳಿ" ಅಂದ್ರು. ಹೆಡ್ ಅಂದ್ರೆ ಇಂಜಿನಿನ ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳ, ಅದರ ಅಡಿಯ ಪ್ಯಾಕಿಂಗೇ ಗ್ಯಾಸ್ಕೆಟ್, ಪ್ಲೇನಿಂಗ್ ಅಂದ್ರೆ ಹೆಡ್ಡಿನ ಅಡಿ ಸಮ ಮಾಡಿಸೋದು. ಅಡಿಕೆ ಕೊಯ್ಲು ಶುರುವಾಗುವ ಹೊತ್ತು, ನನಗೆ ಮಂಡೆ ಬಿಸಿ. ಆಯ್ತು ನಾಡಿದ್ದು ತರ್ತೇನೆ ಅಂತ ಬಂದೆ, ನಾಡಿದ್ದು ಹೋಗಿದ್ದು ಇಚ್ಚನ ಹತ್ರ.

ಇಚ್ಚ ಹೊಗೆ ನೋಡ್ಲಿಕ್ಕೇ ಹೋಗ್ಲಿಲ್ಲ. ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ಬೆರಳಿಗೆ ಹಚ್ಚಿ ಉಜ್ಜಿ ನೋಡಿದ್ರು. ಆಯಿಲಿಗೆ ನೀರು ಸೇರಿದ್ರೆ ಹಾಲು ಹಾಕಿದ ಚಾಯದ ಹಾಗೆ ಆಗ್ತದೆ, ಲೆವೆಲ್ಲೂ ಮೇಲೆ ಬರ್ತದೆ, ಹಾಗಾದ್ರೆ ಹೆಡ್ ಗ್ಯಾಸ್ಕೆಟ್ಟೋ ಆಯಿಲ್ ಕೂಲರೋ ನೋಡ್ಬೇಕು, ಆಮೇಲೆ ಗಾಡಿ ಸ್ಟಾರ್ಟೇ ಮಾಡ್ಬಾರ್ದು, ಬೇರಿಂಗ್ ತಿಂದುಹೋಗ್ತದೆ ಅಂದ್ರು. ನಮ್ಮದು ಮಾಮೂಲಿ ಕಪ್ಪು. ಆಮೇಲೆ ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿಸಿ ರೇಡಿಯೇಟರಿನ ಮೇಲಿನ ಹೋಸ್ ಕೈಯಲ್ಲಿ ಹಿಡ್ಕೊಂಡು ನಿಂತ್ರು, ಡಾಕ್ಟರು ನಾಡಿ ಹಿಡಿದ ಹಾಗೆ. ನನ್ನ ಕೈಯಲ್ಲೂ ಹಿಡಿಸಿದ್ರು. ಮೆತ್ತಗೆ ಇತ್ತು. ಗ್ಯಾಸ್ಕೆಟ್ ಹೋದ್ರೆ ಎಷ್ಟೋ ಸಲ ಇಂಜಿನ್ ಬಿಸಿ ಆಗುವ ಮೊದಲೇ ಇದು ಕಲ್ಲಿನ ಹಾಗೆ ಆಗ್ತದಂತೆ, ಯಾಕಂದ್ರೆ ಸಿಲಿಂಡರಿನ ಒಳಗಿನ ಗ್ಯಾಸಿನ ಪ್ರೆಶರ್ ಕೂಲಂಟಿನದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ, ಅದು ನೀರಿಗೆ ನುಗ್ಗಿ ಡಬ್ಬಿಯಲ್ಲಿ ಗುಳುಗುಳು ಗುಳ್ಳೆ ಬರ್ತದೆ. ನಮ್ಮದರಲ್ಲಿ ಗುಳ್ಳೆಯೂ ಇಲ್ಲ.

"ಹಾಗಾದ್ರೆ ಗ್ಯಾಸ್ಕೆಟ್ ಅಲ್ವಾ?" ಅಂತ ನಾನು ಕುಶಿಯಲ್ಲಿ ಕೇಳಿದ್ರೆ "ಅಲ್ಲ ಅಂತ ನಾನು ಹೇಳ್ಲಿಲ್ಲ, ಇವತ್ತು ರಾತ್ರಿ ಗಾಡಿ ಇಲ್ಲಿರ್ಲಿ" ಅಂದ್ರು. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಆ ಮಾತಿಗೆ.

ಪ್ರೆಶರ್ ಟೆಸ್ಟರ್ ಅಂತ ಸೈಕಲ್ ಪಂಪಿನ ಹಾಗಿನ ಒಂದು ಸಾಮಾನು, ಮೀಟರ್ ಇರ್ತದೆ, ಕೂಲಂಟಿನ ಮುಚ್ಚಳದ ಜಾಗಕ್ಕೆ ಸಿಕ್ಕಿಸಿ ಗಾಳಿ ಹೊಡೆಯೋದು. ಮುಚ್ಚಳದ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ ಹೊಡೀಬೇಕು, ನಮ್ಮದಕ್ಕೆ 1.1 ಬಾರ್, ಅಂದ್ರೆ 16 ಪಿಎಸ್‌ಐ. ಸಂಜೆ 5 ಗಂಟೆಗೆ ಹೊಡೆದು ಅಡಿಗೆ ರಟ್ಟು ಹಾಸಿದ್ರು. 8 ಗಂಟೆಗೆ ಬಾಗಿಲು ಹಾಕುವಾಗ 13. ಮರುದಿನ ಬೆಳಿಗ್ಗೆ ನಾನು ಹೋಗುವಾಗ 9, ರಟ್ಟು ಒಣ. ಅಂದ್ರೆ ನೀರು ಒಳಗೇ ಎಲ್ಲಿಗೋ ಹೋಗ್ತಾ ಉಂಟು. ಪ್ರೆಶರ್ ಹಾಗೇ ಇರುವಾಗ ನಾಲ್ಕೂ ಗ್ಲೋ ಪ್ಲಗ್, ಅಂದ್ರೆ ಸ್ಟಾರ್ಟ್ ಮಾಡುವಾಗ ಸಿಲಿಂಡರಿನ ಒಳಗೆ ಬಿಸಿ ಮಾಡುವ ಪ್ಲಗ್, ತೆಗೆದು ಹುಡುಗನ ಹತ್ರ ಸ್ಟಾರ್ಟರ್ ತಿರುಗಿಸಿ ಕ್ರ್ಯಾಂಕ್ ಹೊಡೆಸಿದ್ರು. ಸಿಲಿಂಡರಿನಲ್ಲಿ ನೀರು ನಿಂತಿದ್ರೆ ಆ ತೂತಿಂದ ಚಿಮ್ಮುತ್ತದೆ, ಪ್ಲಗ್ ತೆಗೀದೆ ಕ್ರ್ಯಾಂಕ್ ಹೊಡೆದ್ರೆ ನೀರು ಕುಗ್ಗೋದಿಲ್ಲ, ಕನೆಕ್ಟಿಂಗ್ ರಾಡೇ ಬೆಂಡಾಗ್ತದೆ. ನಾಲ್ಕರಿಂದಲೂ ಬರೀ ಗಾಳಿ.

ಆಗ ಇಚ್ಚ ಇಜಿಆರ್ ಕೂಲರಿನ ಪೈಪ್ ಬಿಚ್ಚಿದ್ರು. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯಲ್ಲಿ ಸ್ವಲ್ಪ ಪಾಲು ಇಂಜಿನಿಗೆ ವಾಪಸ್ ಕಳಿಸ್ತಾರೆ, ಹಾಗೆ ಕಳಿಸುವ ಮೊದಲು ಅದನ್ನು ಕೂಲಂಟಿನಲ್ಲಿ ತಣಿಸುವ ಡಬ್ಬಿ ಅದು. ಒಳಗೆ ಸಣ್ಣ ಸಣ್ಣ ಕೊಳವೆ, ಒಂದು ಬದಿ ಹೊಗೆ, ಇನ್ನೊಂದು ಬದಿ ನೀರು. ಪೈಪಿನ ಒಳಗೆ ಮಸಿ ಒಣಗಿ ಹುಡಿಯಾಗಿರ್ಬೇಕಿತ್ತು, ನಮ್ಮದರಲ್ಲಿ ದೋಸೆಹಿಟ್ಟಿನ ಹದಕ್ಕೆ ಕರಿ ಕೆಸರು. ಹೊಗೆ ಬದಿಯ ಪ್ರೆಶರ್ ಕಮ್ಮಿ, ಬಿಸಿಯಾದ ಕೂಲಂಟಿನದ್ದು ಜಾಸ್ತಿ, ಹಾಗಾಗಿ ಹೆಚ್ಚಾಗಿ ನೀರೇ ಹೊಗೆಯ ಕಡೆ ಹೋಗೋದು, ಗ್ಯಾಸ್ ಈ ಕಡೆ ಬರೋದು ಕಮ್ಮಿ, ಗುಳ್ಳೆ ಕಾಣದ್ದು ಅದಕ್ಕೆ. ರಾತ್ರಿ ಸೋರಿ ನಿಂತ ನೀರೇ ಬೆಳಿಗ್ಗೆ ಬಿಳಿ ಹೊಗೆ.

ಅಷ್ಟಾದ್ರೂ ಅವರಿಗೆ ಸಾಕಾಗ್ಲಿಲ್ಲ ಮಾರಾಯ್ರೆ. ಕೂಲರಿಗೆ ಹೋಗುವ ಎರಡು ಹೋಸ್ ತೆಗೆದು ಒಂದಕ್ಕೊಂದು ತುಂಡು ಪೈಪಲ್ಲಿ ಸೇರಿಸಿ ಕೂಲರನ್ನು ಲೆಕ್ಕದಿಂದ ಬಿಟ್ಟು ಪುನಃ 16 ಹೊಡೆದ್ರು. 10 ಗಂಟೆಯಿಂದ 1 ಗಂಟೆವರೆಗೆ ಮುಳ್ಳು ಅಲ್ಲಾಡ್ಲಿಲ್ಲ. ಆಮೇಲೆ ಕೂಲರ್ ಬಿಚ್ಚಿ, ಹೋಸ್ ಕೂರುವ ಒಂದು ಬಾಯಿ ಬಂದ್ ಮಾಡಿ, ಇನ್ನೊಂದರಿಂದ ಗಾಳಿ ಬಿಟ್ಟು ಬಿಸಿನೀರಿನ ಬಕೆಟಿನಲ್ಲಿ ಮುಳುಗಿಸಿದ್ರು. ಬಿಸಿನೀರು ಯಾಕೆ ಅಂದ್ರೆ ಬಿಸಿಗೆ ಬಿರುಕು ಬಾಯಿ ಬಿಡ್ತದೆ. ಹೊಗೆ ಹೋಗುವ ಬಾಯಿಯಿಂದ ಸಾಸಿವೆ ಕಾಳಿನಷ್ಟು ದೊಡ್ಡ ಗುಳ್ಳೆ ಸಾಲಾಗಿ ಬಂತು. ಆಗ ಹೇಳಿದ್ರು, "ಈಗ ಹೇಳ್ತೇನೆ, ಗ್ಯಾಸ್ಕೆಟ್ ಅಲ್ಲ."

ಬೈಗುಳವೂ ತಿಂದೆ. ನೀರು ಕಮ್ಮಿ ಇಟ್ಟು ಏರು ಹತ್ತಿಸಿದ್ರೆ ಕೂಲರಿನ ಒಳಗೆ ನೀರು ಕುದಿದು ಆವಿಯಾಗಿ ಕೊಳವೆ ಇನ್ನಷ್ಟು ಒಡೀತದಂತೆ. ಅರಸಿನದ ಕತೆ ಹೇಳಿದ್ದಕ್ಕೆ "ಅದನ್ನು ಮೀನಿಗೆ ಹಾಕಿ" ಅಂದ್ರು, ಆಮೇಲೆ ನನ್ನ ಮುಖ ನೋಡಿ "ನಿಮ್ಮಲ್ಲಿ ಸಾರಿಗೆ" ಅಂತ ತಿದ್ದಿದ್ರು. ರೇಡಿಯೇಟರಿನ ಸೂಜಿ ತೂತಿಗೆ ಅದು ನಾಲ್ಕು ದಿನ ನಿಂತರೂ ನಿಲ್ಬಹುದು, ಆದ್ರೆ ಸಣ್ಣ ಕೊಳವೆಗಳೆಲ್ಲ ಕಟ್ಟಿ ಮತ್ತೆ ಅದನ್ನು ತೊಳೆಯುವ ಕೆಲಸ ಬೇರೆ. ಕೂಲರ್ ತೆಗೆದು ಖಾಯಂ ಆಗಿ ಪ್ಲೇಟ್ ಹೊಡೆದು ಬಂದ್ ಮಾಡಿದ್ರೆ ಖರ್ಚು ಕಮ್ಮಿ ಅಲ್ವಾ ಅಂತಲೂ ಕೇಳಿದೆ. ಹೊಗೆಗೆ ಸಂಬಂಧಪಟ್ಟ ಸಾಮಾನು ತೆಗೆದು ಕೊಡುವ ಕೆಲಸ ನಾನು ಮಾಡೋದಿಲ್ಲ, ನಾಳೆ ಇಂಜಿನ್ ಲೈಟ್ ಉರಿದ್ರೆ ನನ್ನ ಹತ್ರವೇ ಬರ್ತೀರಿ ಅಂದ್ರು.

ಬಿಲ್ಲು: ಹೊಸ ಕೂಲರ್ 7,800, ಅದರ ಪ್ಯಾಕಿಂಗ್ ಹೋಸ್ ಕ್ಲಿಪ್ ಎಲ್ಲ 900, ಕೂಲಂಟ್ ನಾಲ್ಕು ಲೀಟರ್ ಮತ್ತು ಅಷ್ಟೇ ಬ್ಯಾಟರಿ ವಾಟರ್ ಸೇರಿ 1,500, ಆಯಿಲ್ ಮತ್ತು ಫಿಲ್ಟರ್ 2,900, ಕೂಲಿ 3,500. ಒಟ್ಟು 16,600. ಆಯಿಲ್ ಚೆನ್ನಾಗೇ ಇತ್ತಲ್ಲ ಯಾಕೆ ಬದಲಿಸಿದ್ದು ಅಂತ ನನಗೊಂದು ಅನುಮಾನ ಉಂಟು, ಇಂಜಿನ್ ಒಮ್ಮೆ ಬಿಸಿ ಏರಿದೆ ಅಂತ ಅವರು ಹೇಳಿದ್ದು, ಇರ್ಲಿ. ಬಾವಿ ನೀರೆಲ್ಲ ಇಳಿಸಿ ಎರಡು ಸಲ ತೊಳೆದು, ಹೊಸತು ತುಂಬಿಸಿ, ಮೇಲಿನ ಸ್ಕ್ರೂ ಸಡಿಲ ಮಾಡಿ ಗಾಳಿ ಪೂರ್ತಿ ಹೋಗುವವರೆಗೆ ಅರ್ಧ ಗಂಟೆ ಓಡಿಸಿದ್ರು. ಆ ಗಾಳಿ ಒಳಗೆ ಉಳಿದ್ರೆ ಹೊಸ ಕೂಲರಿಗೂ ಅದೇ ಗತಿ.

ಇನ್ನು ಬೇಜಾರಿನ ವಿಷಯ. ಫೋನ್ ತೆಗೆಯೋದೇ ಇಲ್ಲ, ಹತ್ತು ಸಲ ಮಾಡಿದ್ರೆ ಹುಡುಗ ಎತ್ತಿ "ಇಚ್ಚ ಅಡೀಲಿದ್ದಾರೆ" ಅಂತಾನೆ, ಗಾಡಿಯ ಅಡಿಯಲ್ಲಿ ಅಂತ ಅರ್ಥ. ಬುಧವಾರ ಕೊಡ್ತೇನೆ ಅಂದ ಗಾಡಿ ಸಿಕ್ಕಿದ್ದು ಶನಿವಾರ. ಕೂಲರ್ ಮಂಗಳೂರಿಂದ ಬರ್ಬೇಕಿತ್ತು, ಬಂದದ್ದು ಶುಕ್ರವಾರ ಸಂಜೆ ಬಸ್ಸಿನಲ್ಲಿ, ಅದು ಅವರ ತಪ್ಪಲ್ಲ, ಆದ್ರೆ ಒಂದು ಫೋನ್ ಮಾಡಿ ಹೇಳ್ಬಹುದಿತ್ತಲ್ಲ, ನಾನು ಆ ಮೂರು ದಿನ ಬಾಡಿಗೆ ರಿಕ್ಷಾದಲ್ಲಿ ಹಿಂಡಿ ತಂದೆ. ಬಿಲ್ ಅಂದ್ರೆ ಕ್ಯಾಲೆಂಡರಿನ ಹಿಂದೆ ಬರೆದ ಲೆಕ್ಕ. ಕೂರ್ಲಿಕ್ಕೆ ಒಂದು ಟಯರ್ ಉಂಟು, ಪಂಚೆ ಉಟ್ಟವರು ನೋಡಿ ಕೂತುಕೊಳ್ಳಿ, ನಂದು ಒಂದು ಹಾಳಾಯ್ತು.

ಹಳೇ ಕೂಲರ್ ಕೇಳದೇ ಗೋಣಿಯಲ್ಲಿ ಕಟ್ಟಿ ಗಾಡಿಯ ಹಿಂದೆ ಹಾಕಿ ಕೊಟ್ಟಿದ್ರು. ಭಾವನಿಗೆ ಬಕೆಟಿನಲ್ಲಿ ಮುಳುಗಿಸಿ ತೋರಿಸಿದೆ, ಅವ ಈಗಲೂ ಅರಸಿನವೇ ಹೇಳ್ತಾನೆ.

ಗಾಡಿ ಈಗ 2,300 ಕಿಲೋಮೀಟರ್ ಓಡಿದೆ, ಡಬ್ಬಿಯಲ್ಲಿ ನಾನು ಬಾಲ್‌ಪೆನ್ನಲ್ಲಿ ಹಾಕಿದ ಗೆರೆಯಿಂದ ಕೂಲಂಟ್ ಇಳೀಲಿಲ್ಲ. ಬೆಳಿಗ್ಗೆಯ ಹೊಗೆಯೂ ಇಲ್ಲ. ಐದಲ್ಲಿ ನಾಲ್ಕು ಕೊಡ್ತೇನೆ, ಒಂದು ಕಡಿದದ್ದು ಫೋನಿಗೆ. ಶುಕ್ರವಾರ ಹೋಗುವವರು ನಮಾಜ್ ಮುಗಿದು ಎರಡೂವರೆ ಆದ್ಮೇಲೆ ಹೋಗಿ, ನಾನು ಒಂದು ಗಂಟೆಗೆ ಹೋಗಿ ಹಲಸಿನ ಮರದ ಅಡಿಯಲ್ಲಿ ಒಬ್ಬನೇ ಕೂತಿದ್ದೆ.