ನಾಲ್ಕು ವರ್ಷ, ಎರಡು ಗ್ಲೂ ಗನ್, ಬಾಗಲಕೋಟೆಯ ಬಿಸಿಲು

ಹಳೆಯ ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡ ಖಣದ ತುಂಡು, ಮದುವೆ ಕಾರ್ಡು, ಚಪ್ಪಲಿ ಡಬ್ಬಿ. ಇವನ್ನು ನಾನು ಎಸೆಯುವುದೇ ಇಲ್ಲ. ಹಬ್ಬ ಬಂದರೆ ಇವೇ ತೋರಣ ಆಗುತ್ತವೆ, ಆರತಿ ತಟ್ಟೆ ಆಗುತ್ತವೆ. ನಾಲ್ಕು ವರ್ಷದಿಂದ ಈ ಕೆಲಸಕ್ಕೆ ಗ್ಲೂ ಗನ್, ಅಂದರೆ ಅಂಟಿನ ಕಡ್ಡಿಯನ್ನು ಕರೆಂಟಿನ ಬಿಸಿಯಲ್ಲಿ ಕರಗಿಸಿ ಹನಿಸುವ ಗನ್ನು, ಬಳಸುತ್ತಿದ್ದೇನೆ.

ಮೊದಲು ತಂದದ್ದು 20 ವ್ಯಾಟ್‌ನ ಚಿಕ್ಕದು, 7 ಮಿ.ಮೀ. ಕಡ್ಡಿ ಹಾಕುವಂಥದ್ದು. ಮಣಿ, ಕುಂದನ್ ಅಂಟಿಸಲು ತುಂಬ ಚೆನ್ನಾಗಿತ್ತು. ಆದರೆ ಉದ್ದನೆಯ ರಟ್ಟಿಗೆ ಅಂಟು ಹಾಕುವಾಗ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಮೊದಲು ಹಾಕಿದ್ದು ಗಟ್ಟಿಯಾಗಿರುತ್ತಿತ್ತು. ಎರಡು ವರ್ಷಕ್ಕೆ ಟ್ರಿಗರ್ ಮುರಿಯಿತು. ಈಗಿರುವುದು 60 ವ್ಯಾಟ್, 11 ಮಿ.ಮೀ. ಕಡ್ಡಿಯದು. ಬಿಸಿ ಕಡಿಮೆ, ಜಾಸ್ತಿ ಮಾಡುವ ಸ್ವಿಚ್ ಇದೆ. ಕಡ್ಡಿ ಕೊಳ್ಳುವಾಗ ಎಷ್ಟು ಕಡ್ಡಿ ಎಂದು ಎಣಿಸಬೇಡಿ, ತೂಕ ನೋಡಿ. ಉದ್ದ ಒಂದೇ ಇದ್ದರೂ ದಪ್ಪ ಕಡ್ಡಿಯಲ್ಲಿ ಅಂಟು ಸುಮಾರು ಎರಡೂವರೆ ಪಟ್ಟು ಇರುತ್ತದೆ.

ನನ್ನ ಮುಖ್ಯ ದೂರು ಬಿಸಿಲಿನದು. ನಮ್ಮ ಬಾಗಿಲು ಪಡುವಣಕ್ಕಿದೆ. ಯುಗಾದಿಗೆ ಕಟ್ಟಿದ ಖಣದ ತೋರಣದಿಂದ ಏಪ್ರಿಲ್ ಮುಗಿಯುವಷ್ಟರಲ್ಲಿ ಒಂದೊಂದೇ ತುಂಡು ಕಳಚಿ ಬಿತ್ತು. ಇದು ಗನ್ನಿನ ತಪ್ಪಲ್ಲ. ಈ ಕಡ್ಡಿ ಫೆವಿಕಾಲ್ ತರ ಒಣಗಿ ಹಿಡಿಯುವುದಿಲ್ಲ. ಇದು ಇಥಿಲೀನ್ ವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದ್ದು. ಬಿಸಿಗೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ, ಮತ್ತೆ ಬಿಸಿಯಾದರೆ ಮತ್ತೆ ಮೆತ್ತಗಾಗುತ್ತದೆ. ನಮ್ಮ ಊರಿನ 40 ಡಿಗ್ರಿ ಬಿಸಿಲು ಅದಕ್ಕೆ ಸಾಕು. ಮೇಲಾಗಿ ತೆಳು ಬಟ್ಟೆಯಲ್ಲಿ ಅಂಟು ಈಚೆ ಬಂದು ಬಿರುಸಾಗಿ ಕಲೆ ಕಾಣುತ್ತದೆ. ಕೌದಿ ಹೊಲಿಯುತ್ತ ಕೂತಿದ್ದ ಅವ್ವ ತೋರಣ ನೋಡಿ, "ಅರಿವಿಗೆ ಸೂಜಿನ ಹಚ್ಚಬೇಕವ್ವಾ" ಅಂದಳು. ಆಮೇಲೆ ಅದೇ ತುಂಡುಗಳನ್ನು ಅವಳ ಹತ್ತಿರ ಕೂತು ಕೌದಿ ಹೊಲಿಗೆಯಲ್ಲಿ ಹೊಲಿದೆ. ಮೂರು ಬೇಸಿಗೆ ಕಳೆದಿವೆ, ಒಂದೂ ಬಿದ್ದಿಲ್ಲ. ಈಗ ಗನ್ ಹಿಡಿಯುವುದು ಮನೆಯೊಳಗೆ ಇಡುವ ರಟ್ಟು, ತೆಂಗಿನ ಚಿಪ್ಪು, ಕಾರ್ಡಿನ ಕೆಲಸಕ್ಕೆ ಮಾತ್ರ.

ಇನ್ನೊಂದು ತಪ್ಪು ಇವತ್ತಿಗೂ ಕಾಡುತ್ತದೆ. ಮಗಳ ಚನ್ನಪಟ್ಟಣದ ಕುದುರೆಯ ಗಾಲಿ ಕಳಚಿತ್ತು. ಗನ್ ಕೈಯಲ್ಲೇ ಇತ್ತು, ಸುಮ್ನೆ ಒಂದು ಹನಿ ಹಾಕಿದೆ. ಅಲ್ಲಿಯ ಹಳದಿ ಬಣ್ಣ ಮೆತ್ತಗಾಗಿ ಬೆರಳಿಗೆ ಬಂತು. ಆ ಬಣ್ಣ ಅರಗು, ಅಲ್ವಾ? ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಅದು ಕರಗಿ ಹತ್ತುವುದು. ಗನ್ನಿನ ಬಿಸಿ ಅದಕ್ಕೆ ಆಗುವುದೇ ಇಲ್ಲ. ಅಂಥ ಗೊಂಬೆಗೆ ಬಣ್ಣವಿಲ್ಲದ ಮರದ ಕಡೆ ಫೆವಿಕಾಲ್ ಹಚ್ಚಿ, ದಾರ ಸುತ್ತಿ ರಾತ್ರಿಯಿಡೀ ಬಿಡಿ.

ಥರ್ಮೋಕೋಲ್ ಕೂಡ ಬಿಸಿಗೆ ಕುಳಿ ಬೀಳುತ್ತದೆ. ಬಿಸಿಯ ಸ್ವಿಚ್ ಇಲ್ಲದ ಗನ್ ಆದರೆ ಪ್ಲಗ್ ತೆಗೆದು ಒಂದೆರಡು ನಿಮಿಷ ಬಿಟ್ಟು, ಮೊದಲು ಒಂದು ಚೂರಿನ ಮೇಲೆ ಹಾಕಿ ನೋಡಿ.

ಉಳಿತಾಯದ ಮಾತಿಗೆ ಬಂದರೆ, ನನಗೆ ಜಾಸ್ತಿ ಹಣ ಉಳಿಸಿದ್ದು ಸರ್ಜಿಕಲ್ ಸ್ಪಿರಿಟ್. ಹಳೆಯ ಆರತಿ ತಟ್ಟೆಯ ಕನ್ನಡಿ, ಕುಂದನ್ ಅಂಚಿಗೆ ಹತ್ತಿಯಿಂದ ಸ್ವಲ್ಪ ಹಚ್ಚಿ ಒಂದೆರಡು ನಿಮಿಷ ಬಿಟ್ಟರೆ ಅಂಟು ಸಡಿಲಾಗಿ ಏಳುತ್ತದೆ. ಅವೇ ಕನ್ನಡಿ ಮೂರು ಹಬ್ಬ ಕಂಡಿವೆ. ಸ್ಪಿರಿಟ್ ಬೆಂಕಿ ಹಿಡಿಯುವಂಥದ್ದು, ಬಿಸಿ ಗನ್ ಹತ್ತಿರ ತರಬೇಡಿ. ಗನ್ ಕೆಳಗೆ ಒಂದು ಉಳಿದ ಟೈಲ್ ಇಟ್ಟುಕೊಳ್ಳಿ. ತೊಟ್ಟಿಕ್ಕಿದ ಅಂಟು ಆರಿದ ಮೇಲೆ ಉಗುರಿನಿಂದಲೇ ಏಳುತ್ತದೆ.

ಮಣಿ ಒತ್ತಲು ಬೆರಳು ಬೇಡ, ಬೆಂಕಿಕಡ್ಡಿ ಸಾಕು. ಕೈಗೆ ಅಂಟು ಬಿದ್ದರೆ ಕಿತ್ತು ತೆಗೆಯಬೇಡಿ. 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ.

ಕೊಳ್ಳುವುದಾದರೆ ದೊಡ್ಡದನ್ನೇ ಕೊಳ್ಳಿ, ಬಿಸಿಯ ಸ್ವಿಚ್ ಇರಲಿ. ಅಂಗಡಿಯಲ್ಲೇ ಅದರ ತಂತಿ ಕಾಲಿನ ಮೇಲೆ ನಿಲ್ಲಿಸಿ ನೋಡಿ. ನನ್ನದು ವೈರ್ ಎಳೆದರೆ ಮಗುಚುತ್ತದೆ, ಅದಕ್ಕೇ ಒಂದು ಚೊಂಬಿಗೆ ಒರಗಿಸಿ ಇಡುತ್ತೇನೆ.